ಉಗಿತೇರಿಗೆ ನೀರೆಷ್ಟು ಬೇಕು?

ನನ್ನ ಕಾದಂಬರಿಯ ಮೊದಲ ಕರಡಿನಲ್ಲಿ ಹಾರುವ ಉಗಿ ಹಡಗು ನಲವತ್ತು ಜನ, ಎರಡು ಫಿರಂಗಿ, ಒಂದು ಊಟದ ಹಾಲ್ ಎಲ್ಲವನ್ನೂ ಹೊತ್ತು ಹಾಯಾಗಿ ತೇಲುತ್ತಿತ್ತು. ನಾಯಕಿಯ ಕಣ್ಣಿಗೆ ಹಿತ್ತಾಳೆ ಗಾಗಲ್ಸ್, ತಲೆಗೆ ಎತ್ತರದ ಟೋಪಿ, ಸೊಂಟದ ಬೆಲ್ಟಿಗೆ ಸುಮ್ನೆ ನಾಲ್ಕು ಹಲ್ಲುಚಕ್ರ. ಮುನ್ನೂರು ಪುಟ ಬರೆದು ಅಕ್ಕನ ಮಗಳ ಕೈಗೆ ಕೊಟ್ಟೆ. ಎರಡು ದಿನ ಬಿಟ್ಟು ವಾಪಸ್ ತಂದಳು.

"ಚೆನ್ನಾಗಿದೆ ಮಾಮ. ಆದ್ರೆ ಡಬ್ಬಿಂಗ್ ಸಿನಿಮಾ ನೋಡಿದ ಹಾಗಾಯ್ತು."

ಸಿಟ್ಟು ಬಂತು. ರಾತ್ರಿ ಮತ್ತೆ ಓದಿ ನೋಡಿದೆ. ನಾಯಕಿಯ ಹೆಸರು ಚೆನ್ನಮ್ಮ, ಆದರೆ ಆಕೆ ಬೈಯುವುದು, ಕುಡಿಯುವುದು, ಹೆದರುವುದು ಎಲ್ಲ ಲಂಡನ್ನಿನವರ ಹಾಗೆ. ಮಂತ್ರ ಹಾಕುವವನು ಕೋಲು ಬೀಸಿದರೆ ನೀಲಿ ಬೆಳಕು ಬರುತ್ತಿತ್ತು. ನಮ್ಮೂರಲ್ಲಿ ಯಾರು ಕೋಲು ಬೀಸಿ ಮಾಟ ಮಾಡುತ್ತಾರೆ? ಮುನ್ನೂರು ಪುಟದಲ್ಲಿ ಉಳಿಸಿಕೊಂಡದ್ದು ಆ ಹೆಸರು ಮಾತ್ರ.

ಇಂಥ ಕಥೆಗಳಿಗೆ ಸ್ಟೀಮ್‌ಪಂಕ್ ಅನ್ನುವ ಹೆಸರು ಹುಟ್ಟಿದ್ದು 1987ರಲ್ಲಿ, ಅಮೆರಿಕದ ಲೇಖಕರೊಬ್ಬರು ಪತ್ರಿಕೆಗೆ ಬರೆದ ಪತ್ರದಲ್ಲಿ, ಅರ್ಧ ತಮಾಷೆಗೆ. ಉಗಿಯಂತ್ರದ ಕಾಲ ಮುಗಿಯದೆ ಇನ್ನೂ ಮುಂದುವರಿದಿದ್ದರೆ ಏನಾಗುತ್ತಿತ್ತು ಅನ್ನುವ ಕಲ್ಪನೆ ಅದು. ಹಾಗಾದರೆ ನಮ್ಮಲ್ಲಿ ಉಗಿಯ ಕಾಲ ಮುಗಿದದ್ದು ಯಾವಾಗ, ಎಲ್ಲಿ? ಈ ಪ್ರಶ್ನೆ ಕೇಳಿಕೊಂಡ ದಿನ ಕಾದಂಬರಿಗೆ ನೆಲ ಸಿಕ್ಕಿತು. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರಿಯಿತು. ಸುಮಾರು 147 ಕಿಲೋಮೀಟರ್ ಉದ್ದದ ತಂತಿ. ಅಲ್ಲಿಯವರೆಗೆ ಗಣಿಯ ದೊಡ್ಡ ಯಂತ್ರಗಳಿಗೆ ಉಗಿಯೇ ಗತಿ. ಬಾಯ್ಲರ್ ಇದ್ದ ಮೇಲೆ ಸೌದೆ ಬೇಕು, ಸೌದೆ ಇದ್ದ ಮೇಲೆ ಕಂಟ್ರಾಕ್ಟರ್ ಬೇಕು. ಕರೆಂಟ್ ಬಂದರೆ ಈ ಕಂಟ್ರಾಕ್ಟರನ ಹೊಟ್ಟೆಗೆ ತಣ್ಣೀರು ಬಟ್ಟೆ. ನನಗೆ ಕೇಡಿ ಸಿಕ್ಕಿಬಿಟ್ಟ! ಕಥೆಯನ್ನು 1901ರ ಚಳಿಗಾಲಕ್ಕೆ ಇಟ್ಟೆ. ತಂತಿಯ ಕಂಬಗಳು ಗಣಿಯ ಕಡೆ ಬರುತ್ತಿವೆ, ಬಾಯ್ಲರ್‌ಗಳಿಗೆ ಕೊನೆಯ ವರ್ಷ.

ಈ ಹೊತ್ತಿಗೆ ಗೆಳೆಯರು ಸಲಹೆ ಕೊಡಲು ಶುರು ಮಾಡಿದರು. ಎಲ್ಲರ ಬಾಯಲ್ಲೂ ಒಂದೇ ಮಾತು: "ವೈಮಾನಿಕ ಶಾಸ್ತ್ರ ಇದೆಯಲ್ಲ, ಅದನ್ನೇ ಹಾಕು." ಬೇಡ ಅಂದೆ. ಆನೇಕಲ್ಲಿನ ಪಂಡಿತರೊಬ್ಬರು ಕಳೆದ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದ ಆ ಗ್ರಂಥವನ್ನು 1974ರಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿಯ ಐವರು ವಿಜ್ಞಾನಿಗಳು ಲೆಕ್ಕ ಹಾಕಿ ನೋಡಿದ್ದಾರೆ. ಅಲ್ಲಿರುವ ವಿಮಾನಗಳು ಹಾರುವುದಿಲ್ಲ ಅಂತ ಬರೆದೂ ಇದ್ದಾರೆ. ಕಾದಂಬರಿಗೆ ಹಾರಲೇಬೇಕೆಂದೇನೂ ಇಲ್ಲ, ನಿಜ. ಆದರೆ ಒಮ್ಮೆ ಅದನ್ನು ಒಳಗೆ ಬಿಟ್ಟುಕೊಂಡರೆ ಓದುಗರು ಕಥೆ ಬಿಟ್ಟು ಜಗಳಕ್ಕೆ ಕೂರುತ್ತಾರೆ. ನನಗೆ ಬೇಕಿದ್ದದ್ದು ಮೈಗೆ ಮಸಿ ಹತ್ತುವಂಥ ಯಂತ್ರ.

ಅಂಥ ಯಂತ್ರ ಒಂದು ನಿಜವಾಗಿ ಹಾರಿತ್ತು. 1852ರ ಸೆಪ್ಟೆಂಬರ್ 24ರಂದು ಪ್ಯಾರಿಸ್‌ನಲ್ಲಿ ಆನ್ರಿ ಜಿಫಾರ್ ಎಂಬ ಎಂಜಿನಿಯರ್ ಮೂರು ಕುದುರೆಶಕ್ತಿಯ ಉಗಿ ಎಂಜಿನ್ ಕಟ್ಟಿದ ಏರ್‌ಶಿಪ್ಪಿನಲ್ಲಿ, ಅಂದರೆ ಹಗುರ ಅನಿಲ ತುಂಬಿದ ದೊಡ್ಡ ಚೀಲದಿಂದ ತೇಲುವ ಹಡಗಿನಲ್ಲಿ, ಸುಮಾರು 27 ಕಿಲೋಮೀಟರ್ ಹೋದ. ಮೇಲೆ ಹೈಡ್ರೋಜನ್, ಕೆಳಗೆ ಒಲೆ! ಎಂಥ ಧೈರ್ಯ ನೋಡಿ. ಕಿಡಿ ಮೇಲಕ್ಕೆ ಹಾರಬಾರದೆಂದು ಅವನು ಚಿಮಣಿಯನ್ನು ಕೆಳಮುಖವಾಗಿ ಬಗ್ಗಿಸಿದ್ದ, ಒಲೆಯ ಬಾಯಿಗೆ ತಂತಿಯ ಜಾಲರಿ ಹಾಕಿದ್ದ, ಎಂಜಿನ್ನನ್ನು ಚೀಲದಿಂದ ಆದಷ್ಟು ಕೆಳಗೆ ತೂಗಿಬಿಟ್ಟಿದ್ದ. ಆ ಬಗ್ಗಿದ ಚಿಮಣಿಯ ಚಿತ್ರ ತಲೆಯಲ್ಲಿ ಕೂತುಬಿಟ್ಟಿತು. ಅದು ಎಷ್ಟು ಕೆಲಸಕ್ಕೆ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ನಂತರ ತೂಕದ ಲೆಕ್ಕಕ್ಕೆ ಕೂತೆ. ಒಂದು ಘನ ಮೀಟರ್ ಗಾಳಿ ಸಮುದ್ರಮಟ್ಟದಲ್ಲಿ ಸುಮಾರು 1.2 ಕೆಜಿ ತೂಗುತ್ತದೆ, ಅಷ್ಟೇ ಹೈಡ್ರೋಜನ್ 100 ಗ್ರಾಂ ಕೂಡ ಇಲ್ಲ. ಎರಡರ ವ್ಯತ್ಯಾಸವೇ ಎತ್ತುವ ಬಲ. ಆದರೆ ನಮ್ಮದು ಎತ್ತರದ ಸೀಮೆ, ಗಾಳಿ ತೆಳು. ಅದಕ್ಕೇ ಒಂದು ಘನ ಮೀಟರಿಗೆ ಒಂದು ಕೆಜಿ ಅಂತ ಹಿಡಿದುಕೊಂಡೆ. ಆರು ಜನ, ಬಾಯ್ಲರ್, ಎಂಜಿನ್, ನೀರು, ಸೌದೆ, ಅಟ್ಟಣಿಗೆ, ಹಗ್ಗ, ಚೀಲದ ತೂಕ ಎಲ್ಲ ಕೂಡಿದರೆ 3,000 ಘನ ಮೀಟರ್ ಬೇಕು. ನಲವತ್ತು ಜನ ಆರಾದರು. ಫಿರಂಗಿಗಳನ್ನು ಅಲ್ಲೇ ನೆಲಕ್ಕಿಳಿಸಿದೆ. ಅಷ್ಟು ಹೈಡ್ರೋಜನ್ನನ್ನು ಆ ಕಾಲದ ರೀತಿಯಲ್ಲಿ ಕಬ್ಬಿಣದ ಚೂರಿಗೆ ಗಂಧಕಾಮ್ಲ ಸುರಿದು ಮಾಡಬೇಕಾದರೆ ಏಳೂವರೆ ಟನ್ ಕಬ್ಬಿಣ, ಹದಿಮೂರು ಟನ್ ಆಮ್ಲ ಬೇಕು. ಅಷ್ಟು ಆಮ್ಲವನ್ನು ಕದ್ದುಮುಚ್ಚಿ ಸಾಗಿಸುವುದು ಹೇಗೆ? ಮೂರನೇ ಅಧ್ಯಾಯ ಪೂರ್ತಿ ಇದೇ. ಪಿಂಗಾಣಿ ಜಾಡಿಗಳಿಗೆ ಹುಲ್ಲು ಸುತ್ತಿ, ಉಪ್ಪಿನಕಾಯಿ ಅಂತ ಹೇಳಿ, ಎತ್ತಿನ ಗಾಡಿಯಲ್ಲಿ.

ಚೀಲಕ್ಕೆ ರೇಷ್ಮೆ. 1783ರಲ್ಲಿ ಪ್ಯಾರಿಸ್‌ನಲ್ಲಿ ಹಾರಿದ ಮೊದಲ ಹೈಡ್ರೋಜನ್ ಬಲೂನಿಗೂ ರಬ್ಬರ್ ಬಳಿದ ರೇಷ್ಮೆಯನ್ನೇ ಬಳಸಿದ್ದರು. ನಮಗೆ ರೇಷ್ಮೆಗೇನು ಬರ? ಕೊಳ್ಳೇಗಾಲದಿಂದ ತರಿಸೋಣ ಅಂತ ಬರೆದೆ. ಆಮೇಲೆ ಹೊಳೆಯಿತು, ಆಗ ಕೊಳ್ಳೇಗಾಲ ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತಪ್ಪು ತಿದ್ದಲು ಹೋಗಿ ಗಡಿ ದಾಟುವ ಒಂದು ಒಳ್ಳೆಯ ದೃಶ್ಯ ಬಂತು. ರೇಷ್ಮೆಗೆ ಹಲಸಿನ ಮೇಣ ಬಳಿದರು ಅಂತ ಬರೆದದ್ದು ಮಾತ್ರ ಶುದ್ಧ ಕಾದಂಬರಿಕಾರನ ಸುಳ್ಳು. ಒಪ್ಪಿಕೊಳ್ಳುತ್ತೇನೆ.

ಇಷ್ಟೆಲ್ಲ ಪುಸ್ತಕದ ಲೆಕ್ಕ. ಬಾಯ್ಲರ್ ಮುಂದೆ ನಿಂತವರ ಮಾತು ಬೇಕಿತ್ತು. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ತಾತ ಇದ್ದಾರೆ. ಮೀಟರ್ ಗೇಜ್ ರೈಲಿನ ಕಾಲದಲ್ಲಿ ಉಗಿ ಎಂಜಿನ್ನಿನ ಒಲೆ ಉರಿಸುವ ಫೈರ್‌ಮನ್ ಆಗಿದ್ದವರು. ಕೈಯಲ್ಲಿ ಬಿಸ್ಕತ್ ಪೊಟ್ಟಣ ಹಿಡಿದು ಹೋದೆ. ನನ್ನ ಹಾರುವ ಹಡಗಿನ ಕಥೆ ಕೇಳಿ ಅವರು ನಗಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ.

"ನೀರೆಲ್ಲಿ ತುಂಬ್ತೀಯಪ್ಪಾ?"

ನಾನು ಬಾಯಿ ಬಿಟ್ಟೆ. ಮುನ್ನೂರು ಪುಟದಲ್ಲಿ ಒಮ್ಮೆಯೂ ಬಾಯ್ಲರ್‌ಗೆ ನೀರು ಹಾಕಿರಲಿಲ್ಲ. ಸಣ್ಣ ಎಂಜಿನ್ ಒಂದು ಕುದುರೆಶಕ್ತಿಗೆ ಗಂಟೆಗೆ ಹದಿನೈದು, ಇಪ್ಪತ್ತು ಲೀಟರ್ ಕುಡಿಯುತ್ತದೆ. ಉಗಿ ಹೊರಗೆ ಹೋದರೆ ಹೋಯಿತು, ವಾಪಸ್ ಬರುವುದಿಲ್ಲ. ನನ್ನದು ಹತ್ತು ಕುದುರೆಶಕ್ತಿ, ಹೊತ್ತದ್ದು ಮುನ್ನೂರು ಲೀಟರ್. ಎರಡು ಗಂಟೆಗೆ ಖಾಲಿ. ಅಂದರೆ ಎರಡು ಗಂಟೆಗೊಮ್ಮೆ ಕೆಳಗಿಳಿಯಬೇಕು, ನೀರಿರುವ ಕಡೆಯೇ ಇಳಿಯಬೇಕು. ಕೋಲಾರದ ಕಡೆ ನೀರು ಅಂದರೆ ಕೆರೆ. ಕಥೆಯ ದಾರಿ ತಾನಾಗಿ ಬರೆದುಕೊಂಡಿತು: ಬೇತಮಂಗಲದ ಕೆರೆ, ಅಲ್ಲಿಂದ ಕೋಲಾರಮ್ಮನ ಕೆರೆ, ನಡುವೆ ಹೆಸರಿಲ್ಲದ ಸಣ್ಣಪುಟ್ಟ ಕುಂಟೆಗಳು. ನೀರು ಬತ್ತಿದ ಕೆರೆಯ ಮೇಲೆ ಬಂದು ನಿಂತಾಗ ಏನಾಗುತ್ತದೆ ಅನ್ನುವುದೇ ಏಳನೇ ಅಧ್ಯಾಯ. ಕೇಡಿಗೂ ಅವರನ್ನು ಬೆನ್ನಟ್ಟುವುದು ಸುಲಭ. ಆಕಾಶ ನೋಡುತ್ತಾ ಓಡಬೇಕಿಲ್ಲ, ಕೆರೆ ಏರಿಯ ಮೇಲೆ ಚಾಪೆ ಹಾಸಿಕೊಂಡು ಕಾದರೆ ಸಾಕು.

ತಾತನ ಇನ್ನೊಂದು ಪಾಠ ಗೇಜ್ ಗ್ಲಾಸಿನದು. ಬಾಯ್ಲರ್‌ನಲ್ಲಿ ನೀರೆಷ್ಟಿದೆ ಅಂತ ತೋರಿಸುವ ಗಾಜಿನ ಕೊಳವೆ. ರೈಲು ಇಳಿಜಾರಿನಲ್ಲಿ ಇಳಿಯುವಾಗ ನೀರೆಲ್ಲ ಮುಂದಕ್ಕೆ ಸರಿಯುತ್ತದೆ. ಹಿಂದೆ ಒಲೆಯ ಮೇಲಿನ ತಗಡು ನೀರಿಲ್ಲದೆ ಒಣಗುತ್ತದೆ. ಆ ತಗಡಿಗೆ ಒಂದು ಲೆಡ್ ಪ್ಲಗ್ ಹಾಕಿರುತ್ತಾರೆ. ನೀರು ತಪ್ಪಿದರೆ ಸೀಸ ಕರಗಿ, ಉಗಿ ಒಲೆಗೇ ನುಗ್ಗುತ್ತದೆ. "ಪ್ಲಗ್ ಹೋಯ್ತು ಅಂದ್ರೆ ಫೈರ್‌ಮನ್ ಮಾನ ಹೋಯ್ತು ಅಂತ" ಅಂದರು ತಾತ. ನನಗೆ ಮೈ ಜುಮ್ಮೆಂದಿತು. ಹಡಗು ಮೂತಿ ಕೆಳಗೆ ಮಾಡುವುದು ಯಾವಾಗ? ಕೆರೆಗೆ ಇಳಿಯುವಾಗ. ಕೆರೆಗೆ ಇಳಿಯುವುದು ಯಾವಾಗ? ನೀರು ತಳ ಮುಟ್ಟಿದಾಗ. ಅಂದರೆ ನೀರು ಕಣ್ಣೆದುರೇ ಇರುವ ಹೊತ್ತಿನಲ್ಲೇ ಪ್ರಾಣಭಯ. ನಾನು ಕೂತು ಯೋಚಿಸಿ ಇಂಥದ್ದನ್ನು ಹುಟ್ಟಿಸಲು ಸಾಧ್ಯವೇ ಇರಲಿಲ್ಲ.

ಹೆಸರಿನ ವಿಷಯ ಬೇಗ ಮುಗಿಯಿತು. ವಾಯುನೌಕೆ ಅಂದರೆ ರೇಡಿಯೊ ವಾರ್ತೆ ಕೇಳಿದ ಹಾಗೆ. ರೈಲನ್ನು ಉಗಿಬಂಡಿ, ಹೊಗೆಬಂಡಿ ಅಂದ ಜನ ಇದನ್ನು ಏನನ್ನುತ್ತಿದ್ದರು? ಮೇಲೆ ಉಬ್ಬಿದ ಬಟ್ಟೆ, ಕೆಳಗೆ ಮರದ ಅಟ್ಟಣಿಗೆ, ನೆಲಕ್ಕೆ ಎಳೆದು ಕಟ್ಟಲು ದಪ್ಪ ಮಿಣಿ. ತೇರಲ್ಲವೇ ಮತ್ತೆ! ಉಗಿತೇರು ಅಂತಾಯಿತು.

ಮಾಟದ ವಿಷಯದಲ್ಲಿ ಒದ್ದಾಡಿದೆ. ಯಂತ್ರ ಒಂದು ಕಡೆ, ಮಂತ್ರ ಒಂದು ಕಡೆ, ಎರಡು ಕಥೆ ಹೊಲಿದ ಹಾಗೆ ಕಾಣುತ್ತಿತ್ತು. ಒಂದು ದಿನ ಅಮ್ಮ ಯಾವುದೋ ಮಾತಿಗೆ ಅಜ್ಜಿಯ ಊರಲ್ಲಿ ಕಿವಿಯ ಓಲೆ ಕಳೆದುಹೋದಾಗ ಅಂಜನ ಹಾಕಿಸಿದ್ದನ್ನು ಹೇಳಿದರು. ಹರಳೆಣ್ಣೆ ದೀಪದ ಮಸಿಯನ್ನು ವೀಳ್ಯದೆಲೆಗೆ ಬಳಿದು, ಕಾಲು ಮುಂದಾಗಿ ಹುಟ್ಟಿದ ಹುಡುಗನನ್ನು ಕೂರಿಸಿ, "ಏನು ಕಾಣ್ತಿದೆಯೋ?" ಅಂತ ಕೇಳಿದ್ದರಂತೆ. ನಾನು ಅರ್ಧ ಕೇಳಿಸಿಕೊಂಡೆ. ಮಸಿ ಅನ್ನುವ ಪದಕ್ಕೇ ನಿಂತುಬಿಟ್ಟಿದ್ದೆ. ಜಿಫಾರನ ಬಗ್ಗಿದ ಚಿಮಣಿ ನೆನಪಿದೆಯಲ್ಲ? ಮಸಿ ಕಟ್ಟುವುದೇ ಆ ಮೂಲೆಯಲ್ಲಿ. ಚೆನ್ನಮ್ಮನ ಕೆಲಸ ಅದನ್ನು ಕೆರೆದು ತೆಗೆಯುವುದು. ಆಕೆ ಹುಟ್ಟಿದ್ದು ಕಾಲು ಮುಂದಾಗಿ.

ನಿಯಮ ಒಂದೇ ಇಟ್ಟೆ. ಯಾವ ಮರ ಉರಿಯಿತೋ ಅದರ ಮಸಿಯಲ್ಲಿ ಆ ಮರ ಕಂಡದ್ದಷ್ಟೇ ಕಾಣುತ್ತದೆ. ಹೊಲದ ಬದುವಿನ ಜಾಲಿಯಾದರೆ ದನ ಕಾಯುವ ಹುಡುಗರು. ಗುಡಿಯ ಮುಂದಿನ ಹೊಂಗೆಯಾದರೆ ಇಡೀ ಊರು. ಸಾಕ್ಷಿ ಬೇಕಾದರೆ ಸಾಕ್ಷಿಯನ್ನೇ ಸುಡಬೇಕು, ಎರಡನೇ ಸಲ ಕೇಳಲು ಏನೂ ಉಳಿದಿರುವುದಿಲ್ಲ. ಬೇರೆ ಬೆಲೆ ಏನನ್ನೂ ಸೇರಿಸಲಿಲ್ಲ. ಮಂತ್ರ ಹಾಕಿದರೆ ಆಯಸ್ಸು ಕಡಿಮೆಯಾಗುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ಇದೆಲ್ಲ ಓದಿ ಓದಿ ನನಗೇ ಸಾಕಾಗಿದೆ.

ಮೊದಲ ಕರಡಿನಲ್ಲಿ ಒಂದು ವಾಕ್ಯ ಹೀಗಿತ್ತು: "ಚೆನ್ನಮ್ಮಳ ಕಣ್ಣುಗಳು ಅತೀಂದ್ರಿಯ ಜ್ವಾಲೆಯಿಂದ ಪ್ರಜ್ವಲಿಸಿದವು, ಭೂತಕಾಲವು ಅವಳೆದುರು ಅನಾವರಣಗೊಂಡಿತು." ಈಗ ಅದೇ ಜಾಗದಲ್ಲಿ ಹೀಗಿದೆ: "ಚೆನ್ನಿ ಹೆಬ್ಬೆರಳ ಉಗುರಿಗೆ ಮಸಿ ಒರೆಸಿಕೊಂಡಳು. ಒಂದು ಹನಿ ಎಣ್ಣೆ. ಮೊದಲು ತನ್ನ ಮುಖವೇ ಕಂಡಿತು. ಆಮೇಲೆ ಒಂದು ಕರು, ಹಗ್ಗ ಕಚ್ಚುತ್ತಾ." ಎರಡನೆಯದನ್ನು ಬರೆಯಲು ಒಂದು ವಾರ ಹಿಡಿಯಿತು. ಕರು ಯಾಕೆ ಅಂತ ಕೇಳಬೇಡಿ, ಅದೇ ಬಂತು.

ಪ್ರಕಾಶಕರೊಬ್ಬರು ಮೂರು ಅಧ್ಯಾಯ ಓದಿ, "ನಮ್ಮ ದೇಶದಲ್ಲಿ ಏರ್‌ಶಿಪ್ ಎಲ್ಲಿತ್ರೀ?" ಅಂದರು. ಬಂದಿಲ್ಲ ನಿಜ, ಹೊರಟದ್ದುಂಟು. 1930ರಲ್ಲಿ ಬ್ರಿಟಿಷರ ಆರ್ 101 ಅನ್ನುವ ಏರ್‌ಶಿಪ್, ಆಗ ಇಂಡಿಯಾದಲ್ಲೇ ಇದ್ದ ಕರಾಚಿಗೆ ಅಂತ ಹೊರಟು ಅಕ್ಟೋಬರ್ 5ರ ಬೆಳಗಿನ ಜಾವ ಫ್ರಾನ್ಸ್‌ನಲ್ಲಿ ಬಿದ್ದು ಸುಟ್ಟುಹೋಯಿತು. 48 ಜನ ಸತ್ತರು. ಕರಾಚಿಯಲ್ಲಿ ಅದಕ್ಕಾಗಿ ಕಟ್ಟಿದ ದೈತ್ಯ ಶೆಡ್ಡು ಖಾಲಿ ನಿಂತಿತ್ತು. ಇದನ್ನೆಲ್ಲ ಹೇಳಿದೆ. ಅವರು ಕಾಫಿ ತರಿಸಿದರು, ಅಷ್ಟೇ.

ಕೊನೆಯ ಅಧ್ಯಾಯ ಬರೆದು ಮುಗಿಸಿ ತಾತನಿಗೆ ಓದಿ ಹೇಳಿದೆ. ಚೆನ್ನಿಯ ಅಪ್ಪನನ್ನು ಕೊಂದದ್ದು ಒಂದು ಹುಣಸೆ ಮರದ ಕೆಳಗೆ. ಕಂಟ್ರಾಕ್ಟರ್ ಆ ಮರವನ್ನೇ ಕಡಿಸಿಬಿಟ್ಟಿದ್ದಾನೆ. ಒಂದು ದಿಮ್ಮಿ ಮಾತ್ರ ಇವರ ಕೈಗೆ ಸಿಕ್ಕಿದೆ. ಅಂತರಗಂಗೆ ಬೆಟ್ಟ ದಾಟಬೇಕು, ಹಿಂದೆ ಆಳುಗಳು. ದಿಮ್ಮಿಯನ್ನು ಒಲೆಗೆ ಹಾಕುತ್ತಾಳೆ, ತೇರು ಭರ್ರನೆ ಏರುತ್ತದೆ, ಮಸಿಯಲ್ಲಿ ಕೊಲೆಗಾರನ ಮುಖವೂ ಕಾಣುತ್ತದೆ. ಶುಭಂ.

ತಾತ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಮರ ಕಡಿದು ಎಷ್ಟು ದಿನ ಆಗಿತ್ತು?" ಅಂದರು.

"ನಾಲ್ಕು ದಿನ."

"ಅಲ್ಲಯ್ಯಾ, ಹಸಿ ಸೌದೆ ಹಾಕಿದ್ರೆ ಸ್ಟೀಮ್ ಎಲ್ಲಿ ಕಟ್ಟುತ್ತೆ? ಬರೀ ಹೊಗೆ. ಮಸಿ ಬೇಕಾದಷ್ಟು ಬರುತ್ತೆ, ಪ್ರೆಶರ್ ಬಿದ್ದೋಗುತ್ತೆ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತಿದ್ದೆವು. ಮಸಿ ಬೇಕಾದಷ್ಟು, ಉಗಿ ಇಲ್ಲ. ಅಪ್ಪನ ಕೊಲೆಗಾರ ಯಾರೆಂದು ನೋಡಬೇಕಾದರೆ ತೇರು ಬೆಟ್ಟ ಹತ್ತುವುದಿಲ್ಲ. ಬೆಟ್ಟ ಹತ್ತಬೇಕಾದರೆ ದಿಮ್ಮಿಯನ್ನು ಒಲೆಗೆ ಹಾಕುವಂತಿಲ್ಲ, ಭಾರ ಇಳಿಸಲು ಕೆಳಗೆ ಎಸೆಯಬೇಕು. ತೇರಿನಲ್ಲಿ ಇನ್ನೂ ಐವರಿದ್ದಾರೆ.

ಆ ಅಧ್ಯಾಯವನ್ನು ಈಗ ನಾಲ್ಕನೇ ಸಲ ಬರೆಯುತ್ತಿದ್ದೇನೆ. ಸಂಜೆ ಆ ಕಡೆ ಹೋದರೆ ತಾತ ಜಗಲಿಯಿಂದಲೇ ಕೂಗುತ್ತಾರೆ, "ಏನಪ್ಪಾ, ಗೇಜಲ್ಲಿ ನೀರೆಷ್ಟಿದೆ?" ನಾನು ಎರಡು ಬೆರಳು ತೋರಿಸುತ್ತೇನೆ.