ಮನೆ ತುಂಬ ಮಂದಿ, ಆದರೂ ಎಂಟು ಅಂಕ

ವಯಸ್ಸಾದವರ ಒಂಟಿತನ ಅಳೆಯುವ ಕೆಲಸಕ್ಕೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಕಡೆಯ ಹಳ್ಳಿಗಳಲ್ಲಿ ತಿರುಗುತ್ತೇನೆ. ಚೀಲದಲ್ಲಿ ಎರಡು ಹಾಳೆ ಇರುತ್ತವೆ.

ಒಂದು ಲಬ್ಬೆನ್ ಮಾಪನ. ಬಂಧುಗಳ ಬಗ್ಗೆ ಮೂರು ಪ್ರಶ್ನೆ, ಗೆಳೆಯರ ಬಗ್ಗೆ ಮೂರು. ತಿಂಗಳಿಗೊಮ್ಮೆಯಾದರೂ ಎಷ್ಟು ಜನ ಸಿಗುತ್ತಾರೆ ಇಲ್ಲವೇ ಮಾತಾಡುತ್ತಾರೆ, ಎಷ್ಟು ಜನರ ಹತ್ತಿರ ಮನಸ್ಸು ಬಿಚ್ಚಬಹುದು, ಕಷ್ಟಕ್ಕೆ ಎಷ್ಟು ಜನರನ್ನು ಕರೆಯಬಹುದು. ಒಟ್ಟು 30 ಅಂಕ. 12ಕ್ಕಿಂತ ಕಡಿಮೆ ಬಂದರೆ ಜನರ ಒಡನಾಟ ಸಾಲದು ಎಂದು ಲೆಕ್ಕ. ಇನ್ನೊಂದು, ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಹೆಸರಿನ ಒಂಟಿತನ ಮಾಪನದ 2004ರ ಚಿಕ್ಕ ರೂಪ. ಜೊತೆಗೆ ಯಾರೂ ಇಲ್ಲ ಅನ್ನಿಸುತ್ತದೆಯೇ, ನಿಮ್ಮನ್ನು ಬಿಟ್ಟುಬಿಟ್ಟಿದ್ದಾರೆ ಅನ್ನಿಸುತ್ತದೆಯೇ, ಎಲ್ಲರಿಂದ ದೂರ ಉಳಿದಿದ್ದೀರಿ ಅನ್ನಿಸುತ್ತದೆಯೇ? ಮೂರೇ ಪ್ರಶ್ನೆ, 3ರಿಂದ 9 ಅಂಕ. ಇಲ್ಲಿ ಅಂಕ ಏರಿದಷ್ಟೂ ಒಂಟಿತನ ಜಾಸ್ತಿ. 6 ಇಲ್ಲವೇ ಹೆಚ್ಚು ಬಂದರೆ ಸಾಮಾನ್ಯವಾಗಿ ಒಂಟಿತನ ಇದೆ ಎಂದೇ ಹಿಡಿಯುತ್ತಾರೆ.

ಎರಡೂ ಯಾಕೆ, ಒಂದು ಸಾಲದೇ ಅಂತ ಕೇಳುತ್ತಾರೆ. ಒಬ್ಬ ಆಯಿ ಇದ್ದಳು. ಮನೆ ತುಂಬ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಲಬ್ಬೆನ್‌ನಲ್ಲಿ 19, ಚಿಂತೆಯಿಲ್ಲ. ಇನ್ನೊಂದರಲ್ಲಿ 8! "ಮಂದಿಗೇನ್ ಕಡಿಮಿ ಇಲ್ಲ ತಮ್ಮಾ. ಉಂಡ್ಯಾ ಅಂತ ಕೇಳ್ತಾರ. ಹ್ಯಾಂಗದಿ ಅಂತ ಯಾರೂ ಕೇಳಂಗಿಲ್ಲ" ಅಂದಳು. ಅದೇ ಊರಿನ ಒಬ್ಬ ಮುತ್ಯಾ ಹೊಲದಲ್ಲೇ ಗುಡಿಸಲು ಹಾಕಿಕೊಂಡಿದ್ದ. ಲಬ್ಬೆನ್‌ನಲ್ಲಿ 9, ಇನ್ನೊಂದರಲ್ಲಿ ಬರೀ 3. ಆರಾಮಾಗಿದ್ದ. ಅವನಿಗೆ ಬೇಕಾದದ್ದು ಸಮಾಧಾನದ ಮಾತಲ್ಲ, ರಾತ್ರಿ ಜ್ವರ ಬಂದರೆ ಕರೆಯಲು ಒಬ್ಬರು. ಹೀಗಾಗಿ ಎರಡು ಅಂಕಗಳನ್ನು ನಾನು ಎಂದೂ ಕೂಡಿಸುವುದಿಲ್ಲ.

ಪ್ರಶ್ನೆಗಳಿಗಿಂತ ಕೇಳುವ ಜಾಗವೇ ತಲೆನೋವು. ಕಿವಿ ಮಂದವಾದವರಿಗೆ ಕೂಗಿ ಕೇಳಬೇಕು. ಕೂಗಿದರೆ ಅಡುಗೆಮನೆಯ ಸೊಸೆಗೂ ಕೇಳುತ್ತದೆ, ಓಣಿಗೂ ಕೇಳುತ್ತದೆ. ಆಗ ಬರುವ ಉತ್ತರ ಒಂದೇ: "ಎಲ್ಲಾ ಛಲೋ ನೋಡ್ಕೋತಾರ್ರಿ." ಅದಕ್ಕೇ ಸಂಜೆ ಬಿಸಿಲು ಇಳಿದ ಮೇಲೆ ಹನುಮಾನ ಗುಡಿ ಹಿಂದಿನ ಕಟ್ಟೆಗೋ ಹೊಲದ ಬದುವಿಗೋ ಕರೆದುಕೊಂಡು ಹೋಗುತ್ತೇನೆ. ಒಂಟಿತನದ ಮೂರು ಪ್ರಶ್ನೆಗಳ ಉತ್ತರಕ್ಕೆ ತೊಗರಿ ಕಾಳು ಇಡುತ್ತೇನೆ: ಅಪರೂಪಕ್ಕೆ ಒಂದು, ಒಮ್ಮೊಮ್ಮೆ ಅಂದರೆ ಎರಡು, ಬಹಳ ಸಲ ಅಂದರೆ ಮೂರು. ಬಾಯಿಬಿಟ್ಟು ಹೇಳಲಾಗದವರೂ ಮೂರರತ್ತ ಬೆರಳು ತೋರಿಸುತ್ತಾರೆ.

ತೊಗರಿ ಕೊಯ್ಲಿನಲ್ಲಿ ಕೇಳಬೇಡಿ. ಮನೆಯವರೆಲ್ಲ ಹೊಲದಲ್ಲಿರುತ್ತಾರೆ, ಒಂಟಿತನದ ಅಂಕ ಸುಮ್ನೆ ಏರುತ್ತದೆ.

ಫೋನಿನ ಲೆಕ್ಕವೂ ಇದೆ. ಪುಣೆಯಲ್ಲಿರುವ ಮಗ ಸೊಸೆಯ ಮೊಬೈಲಿಗೆ ಮಾಡುತ್ತಾನೆ, "ಆಯಿ ಹ್ಯಾಂಗಿದ್ದಾಳ?" ಅಂತ ಕೇಳಿ ಇಡುತ್ತಾನೆ. ಇದನ್ನು ಸಂಪರ್ಕ ಅನ್ನಬೇಕೇ? ಆಯಿ ತಾನೇ ಮಾತಾಡಿದ್ದರೆ ಮಾತ್ರ ನಾನು ಎಣಿಸುತ್ತೇನೆ.

ಒಂಟಿತನದ ಅಂಕ ಜಾಸ್ತಿ ಬಂದವರಿಗೆ ಹಿರಿಯರ ಸಹಾಯವಾಣಿ 14567 ಬರೆದುಕೊಡುತ್ತೇನೆ. ಕೈಯಲ್ಲಿ ಸ್ವಂತ ಫೋನಿಲ್ಲದಿದ್ದರೆ ಚೀಟಿಯಿಂದ ಏನೂ ಆಗದು, ಅಲ್ವಾ? ಅಂಥವರ ಹೆಸರು ಆಶಾ ಕಾರ್ಯಕರ್ತೆಗೆ ಹೇಳುತ್ತೇನೆ, ಕಿವಿ ಮಂದವಿದ್ದರೆ ಪರೀಕ್ಷೆಗೂ ಕಳಿಸಲು ಹೇಳುತ್ತೇನೆ.