ಬೋರ್ಡ್ ಹಲವು, ಕಾರ್ಡ್ ಒಂದೇ: ತಂಡದ ಕೆಲಸ ಹೊಂದಿಸುವುದು ಹೇಗೆ?

ಟ್ರೆಲ್ಲೊ, ಜೀರಾ, ಆಸನಾ, ಪ್ಲಾನರ್... ತಂಡದ ಕೆಲಸ ನಿಭಾಯಿಸುವ ಸಾಫ್ಟ್‌ವೇರ್ ಯಾವುದೇ ಇರಲಿ, ಹೆಚ್ಚಿನ ತಂಡಗಳು ಶುರು ಮಾಡುವುದು ಒಂದೇ ಬೋರ್ಡ್‌ನಿಂದ. ಹಂತಕ್ಕೊಂದರಂತೆ ಮೂರು ಕಾಲಂ, ಕೆಲಸಕ್ಕೊಂದರಂತೆ ಒಂದಿಷ್ಟು ಕಾರ್ಡ್. ಎಲ್ಲರಿಗೂ ಎಲ್ಲವೂ ಕಾಣುತ್ತದೆ. ಕೆಲಸ ಬೆಳೆದ ಹಾಗೆ ಕಾರ್ಡ್‌ಗಳು ನೂರು ದಾಟುತ್ತವೆ. ಬೇಕಾದ್ದು ಸಿಗುವುದಿಲ್ಲ. ಆಗ ಯಾರೋ ಎರಡನೇ ಬೋರ್ಡ್ ತೆರೆಯುತ್ತಾರೆ, ಇನ್ಯಾರೋ ಮೂರನೆಯದು. ಸ್ವಲ್ಪ ದಿನಕ್ಕೆ 'ಆ ಕೆಲಸ ಯಾವ ಬೋರ್ಡ್‌ನಲ್ಲಿದೆ?' ಎಂದು ಚಾಟ್‌ನಲ್ಲಿ ಕೇಳುವುದೇ ಒಂದು ಕೆಲಸವಾಗುತ್ತದೆ.

ಬೋರ್ಡ್‌ಗಳು ಜಾಸ್ತಿ ಇರುವುದು ತಪ್ಪಲ್ಲ. ಕೆಲಸ ತಪ್ಪಿಹೋಗುವುದು ಒಂದು ಬೋರ್ಡ್‌ನಿಂದ ಇನ್ನೊಂದಕ್ಕೆ ದಾಟುವಾಗ. ಆ ದಾರಿಯನ್ನು ಸರಿಮಾಡಿಕೊಂಡರೆ ಅರ್ಧ ತಲೆನೋವು ಹೋಯಿತು.

1. ಕಾರ್ಡ್ ಎಲ್ಲಿರುತ್ತದೆ ಎಂದು ಮೊದಲು ತಿಳಿಯಿರಿ

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಬೋರ್ಡ್ ನೋಡಲು ಒಂದೇ ಥರ, ಒಳಗಿನ ಲೆಕ್ಕ ಮಾತ್ರ ಬೇರೆ. ಟ್ರೆಲ್ಲೊದಲ್ಲಿ ಕಾರ್ಡ್ ಒಂದು ಬೋರ್ಡ್‌ಗೆ ಸೇರಿರುತ್ತದೆ. ಜೀರಾದಲ್ಲಿ ಕೆಲಸ ಇರುವುದು ಪ್ರಾಜೆಕ್ಟ್‌ನಲ್ಲಿ; ಬೋರ್ಡ್ ಎನ್ನುವುದು ಅದನ್ನು ಫಿಲ್ಟರ್ ಮಾಡಿ ತೋರಿಸುವ ಪರದೆ ಅಷ್ಟೇ. ಹಾಗಾಗಿ ಎರಡು ಪ್ರಾಜೆಕ್ಟ್‌ಗಳ ಕೆಲಸವನ್ನು ಒಂದೇ ಬೋರ್ಡ್‌ನಲ್ಲಿ ನೋಡಬಹುದು, ಒಂದೇ ಕೆಲಸ ಎರಡು ಬೋರ್ಡ್‌ಗಳಲ್ಲೂ ಕಾಣಬಹುದು. ಆಸನಾದಲ್ಲಿ ಒಂದು ಟಾಸ್ಕ್ ಅನ್ನು ಹಲವು ಪ್ರಾಜೆಕ್ಟ್‌ಗಳಿಗೆ ಸೇರಿಸಬಹುದು. ಎಲ್ಲೇ ತಿದ್ದಿದರೂ ಎಲ್ಲ ಕಡೆ ಬದಲಾಗುತ್ತದೆ.

ಈ ವ್ಯತ್ಯಾಸ ಗೊತ್ತಿಲ್ಲದವರು ಕಾರ್ಡ್ ಅನ್ನು ಕಾಪಿ ಮಾಡುತ್ತಾರೆ. ನನ್ನ ಪ್ರಕಾರ ಎಲ್ಲ ಗೊಂದಲದ ಬೇರು ಅದೇ. ಕಾಪಿ ಮಾಡಿದ ಕ್ಷಣದಿಂದ ಎರಡೂ ಕಾರ್ಡ್‌ಗಳದ್ದು ಬೇರೆ ಬೇರೆ ದಾರಿ. ಒಂದರಲ್ಲಿ ತಾರೀಖು ಬದಲಾಗುತ್ತದೆ, ಇನ್ನೊಂದರಲ್ಲಿ ಹಳೆಯದೇ ಇರುತ್ತದೆ. ಯಾವುದನ್ನು ನಂಬಬೇಕು ಹೇಳಿ?

2. ಹೊಸ ಬೋರ್ಡ್ ನಿಜಕ್ಕೂ ಬೇಕಾ?

ಕೆಲಸ ಸಾಗುವ ಹಂತಗಳು ಬೇರೆಯಾಗಿದ್ದರೆ ಬೇಕು. ಡಿಸೈನ್ ತಂಡದ ಕೆಲಸ ಕರಡು, ಪರಿಶೀಲನೆ, ಒಪ್ಪಿಗೆ ಎಂದು ಸಾಗುತ್ತದೆ. ಡೆವಲಪರ್‌ಗಳದ್ದು ಕೋಡಿಂಗ್, ಟೆಸ್ಟಿಂಗ್, ರಿಲೀಸ್. ಇವೆರಡನ್ನೂ ಒಂದೇ ಸಾಲು ಕಾಲಂಗಳಿಗೆ ತುರುಕಿದರೆ ಇಬ್ಬರಿಗೂ ಅರ್ಥವಾಗುವುದಿಲ್ಲ. ಹೊರಗಿನ ಗ್ರಾಹಕರಿಗೆ ಒಂದು ಭಾಗ ಮಾತ್ರ ತೋರಿಸಬೇಕು ಎಂದಾಗಲೂ ಬೇರೆ ಬೋರ್ಡ್ ಮಾಡುವುದೇ ಸರಿ.

ಹಂತಗಳು ಒಂದೇ, ವಿಷಯ ಮಾತ್ರ ಬೇರೆ ಎಂದಾದರೆ ಲೇಬಲ್ ಮತ್ತು ಫಿಲ್ಟರ್ ಸಾಕು. ಒಬ್ಬೊಬ್ಬರಿಗೆ ಒಂದೊಂದು ಬೋರ್ಡ್ ಮಾತ್ರ ದಯವಿಟ್ಟು ಬೇಡ. ಒಬ್ಬರು ರಜೆ ಹಾಕಿದರೆ ಅವರ ಕೈಯಲ್ಲಿದ್ದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ.

3. ಹೆಸರು, ಬಣ್ಣ ಒಂದೇ ಥರ ಇರಲಿ

ಬೋರ್ಡ್ ಹೆಸರಿನಲ್ಲಿ ಮೊದಲು ತಂಡ, ಆಮೇಲೆ ಕೆಲಸ: 'ಡಿಸೈನ್ – ವೆಬ್‌ಸೈಟ್', 'ಡೆವಲಪ್‌ಮೆಂಟ್ – ವೆಬ್‌ಸೈಟ್'. ಹುಡುಕಿದಾಗ ಸಾಲಾಗಿ ಬರುತ್ತವೆ. ಟ್ರೆಲ್ಲೊದಂಥ ಕಡೆ ಲೇಬಲ್‌ಗಳು ಆಯಾ ಬೋರ್ಡ್‌ನವು. ಒಂದರಲ್ಲಿ ಕೆಂಪು ಎಂದರೆ ತುರ್ತು, ಇನ್ನೊಂದರಲ್ಲಿ ಕೆಂಪು ಎಂದರೆ ದೋಷ ಎಂದಾಗಬಾರದು. ಎಲ್ಲ ಸರಿಯಿರುವ ಒಂದು ಬೋರ್ಡ್ ಅನ್ನು ಟೆಂಪ್ಲೇಟ್ ಮಾಡಿಟ್ಟುಕೊಂಡು ಹೊಸದನ್ನು ಅದರಿಂದಲೇ ಶುರು ಮಾಡಿ.

4. ಕೈ ಬದಲಾಯಿಸುವ ಜಾಗ

ಒಂದು ಉದಾಹರಣೆ ನೋಡೋಣ. ಡಿಸೈನ್ ಬೋರ್ಡ್‌ನಲ್ಲಿ 'ಪೇಮೆಂಟ್ ಪೇಜ್' ಎಂಬ ಕಾರ್ಡ್ ಇದೆ. ಕೊನೆಯ ಕಾಲಂ 'ಮುಗಿಯಿತು'. ಡಿಸೈನರ್ ಕಾರ್ಡ್ ಅನ್ನು ಅಲ್ಲಿಗೆ ಎಳೆದು ಬೇರೆ ಕೆಲಸಕ್ಕೆ ಹೋಗುತ್ತಾರೆ. ಅವರ ಪಾಲಿಗೆ ನಿಜವಾಗಿಯೂ ಮುಗಿದಿದೆ. ಡೆವಲಪರ್‌ಗಳ ಬೋರ್ಡ್‌ನಲ್ಲಿ ಮಾತ್ರ ಅದರ ಸುಳಿವೇ ಇಲ್ಲ. ಅವರು ಕಾಯುತ್ತಿದ್ದಾರೆ, ಇವರು ಕೊಟ್ಟಾಯಿತು ಅಂದುಕೊಂಡಿದ್ದಾರೆ. ಒಂದು ವಾರ ಸುಮ್ನೆ ಹೋಯಿತು.

ಪರಿಹಾರ ಸುಲಭ. ಡಿಸೈನ್ ಬೋರ್ಡ್‌ನ ಕೊನೆಯ ಕಾಲಂ ಹೆಸರು 'ಡೆವಲಪರ್‌ಗೆ ಸಿದ್ಧ' ಎಂದಿರಲಿ. ಅಲ್ಲಿಂದ ಕಾರ್ಡ್ ತೆಗೆದುಕೊಂಡು ಹೋಗುವ ಕೆಲಸ ಡೆವಲಪರ್ ತಂಡದ್ದು. ಅಂದರೆ ಕೊಡುವವರು ತಳ್ಳುವುದಲ್ಲ, ಬೇಕಾದವರು ಎಳೆದುಕೊಳ್ಳುವುದು. ಟೊಯೊಟಾ ಕಾರ್ಖಾನೆಯಲ್ಲಿ ತೈಚಿ ಓನೊ ರೂಪಿಸಿದ ಕಾನ್ಬಾನ್ ಪದ್ಧತಿಯ ತಿರುಳೂ ಇದೇ. ಮುಂದಿನ ಹಂತದವರು ತಮಗೆ ಬೇಕಾದಾಗ, ಬೇಕಾದಷ್ಟನ್ನು ಹಿಂದಿನ ಹಂತದಿಂದ ತರುತ್ತಿದ್ದರು. ಇಂದಿನ ಬೋರ್ಡ್ ಸಾಫ್ಟ್‌ವೇರ್‌ಗಳು ಕಾರ್ಡ್‌ನ ಕಲ್ಪನೆಯನ್ನು ಅಲ್ಲಿಂದ ಪಡೆದಿವೆ. ಎಳೆದುಕೊಳ್ಳುವ ಆ ನಿಯಮವನ್ನು ನಾವೇ ಪಾಲಿಸಬೇಕು.

ತೆಗೆದುಕೊಳ್ಳುವವರಿಗೆ ಏನು ಬೇಕು ಎನ್ನುವುದನ್ನೂ ಬರೆದಿಡಿ. ಬರೀ 'ಪೇಮೆಂಟ್ ಪೇಜ್' ಎಂಬ ಶೀರ್ಷಿಕೆ, ಒಂದು ಚಿತ್ರ ಇದ್ದರೆ ಡೆವಲಪರ್ ಏನು ಮಾಡಬೇಕು? ಪಾವತಿ ವಿಫಲವಾದರೆ ಯಾವ ಸಂದೇಶ ತೋರಿಸಬೇಕು? ಮೊಬೈಲ್ ಪರದೆಯಲ್ಲಿ ಬಟನ್ ಎಲ್ಲಿರಬೇಕು? ಇವು ಕಾರ್ಡ್‌ನಲ್ಲಿಲ್ಲ. ಅದೇ ಕಾರ್ಡ್ ಹೀಗಿದ್ದರೆ ನೋಡಿ: 'ಪೇಮೆಂಟ್ ಪೇಜ್: ಮೊಬೈಲ್ ವಿನ್ಯಾಸ', ಡಿಸೈನ್ ಫೈಲ್‌ನ ಲಿಂಕ್, ವಿಫಲ ಸಂದೇಶದ ಪೂರ್ತಿ ವಾಕ್ಯ, ಅನುಮಾನ ಬಂದರೆ ಕೇಳಬೇಕಾದವರ ಹೆಸರು, ಕೊನೆಯ ದಿನ. ಈ ಐದು ಇಲ್ಲದ ಕಾರ್ಡ್ 'ಸಿದ್ಧ' ಕಾಲಂಗೆ ಬರಬಾರದು ಎಂದು ಎರಡೂ ತಂಡಗಳು ಕೂತು ಒಪ್ಪಿಕೊಳ್ಳಿ.

ಡಿಸೈನರ್ ಕೆಲಸ ಪೂರ್ತಿ ಮುಗಿದಿದ್ದರೆ ಅದೇ ಕಾರ್ಡ್ ಅನ್ನು ಡೆವಲಪರ್‌ಗಳ ಬೋರ್ಡ್‌ಗೆ ಮೂವ್ ಮಾಡಿ. ಕಾಮೆಂಟ್, ಫೈಲ್ ಎಲ್ಲವೂ ಜೊತೆಗೇ ಹೋಗುತ್ತವೆ. ಆದರೆ ಲೇಬಲ್, ಸದಸ್ಯರು, ಕಸ್ಟಮ್ ಫೀಲ್ಡ್ (ನೀವೇ ಸೇರಿಸಿಕೊಂಡ ಮಾಹಿತಿಯ ಖಾನೆ) ಇವುಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಅವು ಆಯಾ ಬೋರ್ಡ್‌ಗೆ ಸೇರಿದವಾದ್ದರಿಂದ ಅಲ್ಲಲ್ಲಿ ಬಿಟ್ಟುಹೋಗಬಹುದು. ಐಕಾನ್‌ಗಳಂಥ ಸಣ್ಣ ಕೆಲಸ ಡಿಸೈನರ್ ಬಳಿ ಇನ್ನೂ ಉಳಿದಿದ್ದರೆ ಎರಡು ಕಾರ್ಡ್ ಮಾಡಿ, ಒಂದಕ್ಕೊಂದು ಲಿಂಕ್ ಕೊಡಿ. ಇದು ಕಾಪಿ ಅಲ್ಲ. ಎರಡರ ಕೆಲಸವೂ ಬೇರೆ, ಹೊಣೆ ಹೊತ್ತವರೂ ಬೇರೆ. ಜೀರಾದಲ್ಲಿ ಈ ಕೆಲಸ ಆ ಕೆಲಸವನ್ನು ತಡೆದಿದೆ ಎಂದೇ ಗುರುತು ಹಾಕಿ ಲಿಂಕ್ ಮಾಡಬಹುದು.

5. ಎಲ್ಲವೂ ಕಾಣುವ ಒಂದು ಜಾಗ

ತಂಡದ ಮುಖ್ಯಸ್ಥರಿಗೆ ಎಲ್ಲ ಬೋರ್ಡ್‌ಗಳ ಸಾರ ಬೇಕು. ಅದಕ್ಕೆ ಮೇಲಿನ ಮಟ್ಟದ ಒಂದು ಬೋರ್ಡ್ ಇರಲಿ. ಅಲ್ಲಿ ದೊಡ್ಡ ಕೆಲಸಗಳು ಮಾತ್ರ: 'ಹೊಸ ಪೇಮೆಂಟ್ ವ್ಯವಸ್ಥೆ' ಒಂದು ಕಾರ್ಡ್, ಅದರೊಳಗೆ ಎರಡೂ ತಂಡಗಳ ಕಾರ್ಡ್‌ಗಳ ಲಿಂಕ್. ಸಣ್ಣಪುಟ್ಟದ್ದನ್ನೆಲ್ಲ ಮೇಲಕ್ಕೆ ತಂದರೆ ಅದೂ ಇನ್ನೊಂದು ತುಂಬಿದ ಬೋರ್ಡ್ ಆಗುತ್ತದೆ, ಅಲ್ವಾ? ಮಂಡೇ ಡಾಟ್ ಕಾಮ್‌ನಲ್ಲಿ ಬೋರ್ಡ್‌ಗಳನ್ನು ಜೋಡಿಸಿ, ಒಂದರ ಸ್ಥಿತಿ ಇನ್ನೊಂದರಲ್ಲಿ ತಾನಾಗಿಯೇ ಕಾಣುವಂತೆ ಮಾಡುವ ಕಾಲಂಗಳಿವೆ. ಅಂಥ ಸೌಲಭ್ಯ ಇದ್ದರೆ ಕೈಯಿಂದ ಅಪ್‌ಡೇಟ್ ಮಾಡುವ ಕಷ್ಟವೂ ತಪ್ಪುತ್ತದೆ.

ಕೆಲಸ ಮಾಡುವವರಿಗೆ ಬೇಕಾದ್ದು ಬೇರೆ: 'ಇವತ್ತು ನಾನೇನು ಮಾಡಬೇಕು?' ಆಸನಾದಲ್ಲಿ ಅದಕ್ಕೆಂದೇ ಒಂದು ಪುಟವಿದೆ. ಜೀರಾದಲ್ಲಿ 'ನನಗೆ ವಹಿಸಿದ್ದು, ಮುಗಿಯದ್ದು' ಎಂಬ ಫಿಲ್ಟರ್ ಉಳಿಸಿಟ್ಟುಕೊಳ್ಳಬಹುದು. ನಾಲ್ಕು ಬೋರ್ಡ್‌ಗಳಲ್ಲಿ ಕೆಲಸ ಇರುವವರಿಗೆ ಬೆಳಗ್ಗೆ ಮೊದಲು ತೆರೆಯಬೇಕಾದ ಪುಟ ಇದು.

6. ಆಟೊಮೇಷನ್ ಆಮೇಲೆ

ಕಾರ್ಡ್ ಒಂದು ಕಾಲಂಗೆ ಬಂದ ಕೂಡಲೇ ಸಂಬಂಧಪಟ್ಟವರಿಗೆ ಸೂಚನೆ ಹೋಗುವಂತೆ, ಚೆಕ್‌ಲಿಸ್ಟ್ ಸೇರುವಂತೆ ನಿಯಮ ಬರೆಯಬಹುದು. ಟ್ರೆಲ್ಲೊದಲ್ಲಿ ಇದನ್ನು ಬಟ್ಲರ್ ಎಂಬ ಸೌಲಭ್ಯ ನೋಡಿಕೊಳ್ಳುತ್ತದೆ. ಆದರೆ ಕೆಲವು ವಾರ ಎಲ್ಲವನ್ನೂ ಕೈಯಿಂದಲೇ ಮಾಡಿ ನೋಡಿ. ದಾರಿ ಸರಿಯಿದೆ ಎಂದು ಗೊತ್ತಾಗುವ ಮೊದಲೇ ಆಟೊಮೇಷನ್ ಹಾಕಿದರೆ ತಪ್ಪು ದಾರಿಯಲ್ಲೇ ಕಾರ್ಡ್‌ಗಳು ವೇಗವಾಗಿ ಓಡುತ್ತವೆ.

7. ಯಾರಿಗೆ ಕಾಣಬೇಕು, ಯಾವಾಗ ಮುಚ್ಚಬೇಕು

ಪ್ರತಿ ಬೋರ್ಡ್‌ನ ಗೋಚರತೆಯ ಸೆಟ್ಟಿಂಗ್ ಬೇರೆ ಬೇರೆಯಾಗಿರಬಹುದು, ಒಂದೊಂದನ್ನೂ ತೆರೆದು ನೋಡಿ. ಟ್ರೆಲ್ಲೊದಲ್ಲಿ ಪಬ್ಲಿಕ್ ಎಂದಿಟ್ಟ ಬೋರ್ಡ್ ಗೂಗಲ್ ಹುಡುಕಾಟದಲ್ಲೂ ಸಿಗಬಹುದು. ಪಾಸ್‌ವರ್ಡ್ ಅನ್ನಂತೂ ಯಾವ ಕಾರ್ಡ್‌ನಲ್ಲೂ ಬರೆಯಬೇಡಿ. ಕೆಲಸ ಮುಗಿದ ಬೋರ್ಡ್ ಅನ್ನು ಹಾಗೇ ಬಿಟ್ಟರೆ ಯಾರೋ ಹೊಸಬರು ಅದರಲ್ಲೇ ಕಾರ್ಡ್ ಹಾಕುತ್ತಾರೆ, ಅದನ್ನು ಯಾರೂ ನೋಡುವುದಿಲ್ಲ. ಉಳಿದ ಕಾರ್ಡ್‌ಗಳನ್ನು ಚಾಲ್ತಿಯಲ್ಲಿರುವ ಬೋರ್ಡ್‌ಗೆ ಮೂವ್ ಮಾಡಿ, ಬೇಡದ್ದನ್ನು ಆರ್ಕೈವ್ ಮಾಡಿ, ಆಮೇಲೆ ಬೋರ್ಡ್ ಮುಚ್ಚಿ. ಡಿಲೀಟ್ ಮಾತ್ರ ಮಾಡಬೇಡಿ. ಟ್ರೆಲ್ಲೊದಲ್ಲಿ ಮುಚ್ಚಿದ ಬೋರ್ಡ್ ಅನ್ನು ಬೇಕಾದಾಗ ಮತ್ತೆ ತೆರೆಯಬಹುದು, ಡಿಲೀಟ್ ಮಾಡಿದ್ದು ವಾಪಸ್ ಬರುವುದಿಲ್ಲ.