ಆಡಿಟರ್ ಇಲ್ಲದೆ ನಾನೇ ರಿಟರ್ನ್ ಹಾಕಿದ ವರ್ಷ

2024ರ ಜೂನ್‌ನಲ್ಲಿ ಆಫೀಸಿನಿಂದ ಫಾರ್ಮ್ 16 ಬಂತು, ಅಂದರೆ ವರ್ಷದ ಸಂಬಳ ಮತ್ತು ಅದರಲ್ಲಿ ಹಿಡಿದ ಆದಾಯ ತೆರಿಗೆಯ ಪ್ರಮಾಣಪತ್ರ. ಯಾವತ್ತೂ ತೆರೆದು ನೋಡದವನು ಅವತ್ತು ನೋಡಿದೆ. ವರ್ಷವಿಡೀ ಸಂಬಳದಲ್ಲಿ ಮೊದಲೇ ಹಿಡಿದ ತೆರಿಗೆ, ಅಂದರೆ ಟಿಡಿಎಸ್, 67,080 ರೂಪಾಯಿ. ನಾನು ಕಟ್ಟಿದ ಬಾಡಿಗೆ, ಪಿಪಿಎಫ್, ವಿಮೆ ಯಾವುದರ ಸುಳಿವೂ ಅದರಲ್ಲಿ ಇರಲಿಲ್ಲ.

ತಪ್ಪು ನನ್ನದೇ. ತೆರಿಗೆ ಲೆಕ್ಕಕ್ಕೆ ಹಳೇ ಪದ್ಧತಿ ಬೇಕಾ, ಹೊಸದು ಬೇಕಾ ಅಂತ ವರ್ಷದ ಶುರುವಿನಲ್ಲೇ ಆಫೀಸಿನವರು ಮೇಲ್ ಹಾಕಿದ್ದರು. ನಾನು ಉತ್ತರ ಕೊಟ್ಟಿರಲಿಲ್ಲ. 2023-24ರಿಂದ ಸುಮ್ನೆ ಇದ್ದವರೆಲ್ಲ ತಾನಾಗಿಯೇ ಹೊಸ ಪದ್ಧತಿಗೆ ಹೋಗುತ್ತಾರೆ. ಅಲ್ಲಿ ತೆರಿಗೆ ದರ ಕಡಿಮೆ, ಆದರೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), 80ಸಿ (ಪಿಪಿಎಫ್, ಜೀವ ವಿಮೆಯಂಥ ಉಳಿತಾಯ), 80ಡಿ (ಆರೋಗ್ಯ ವಿಮೆ) ವಿನಾಯಿತಿ ಯಾವುದೂ ಸಿಗಲ್ಲ.

ನಾಲ್ಕೈದು ವರ್ಷದಿಂದ ಒಬ್ಬ ಆಡಿಟರ್ ಹತ್ತಿರ ರಿಟರ್ನ್ ಹಾಕಿಸುತ್ತಿದ್ದೆ. ಫಾರ್ಮ್ 16 ವಾಟ್ಸ್‌ಆ್ಯಪ್ ಮಾಡಿದರೆ ಸಂಜೆಗೆ "ಆಯ್ತು ಸರ್" ಅಂತ ಮೆಸೇಜ್ ಬರುತ್ತಿತ್ತು. ಈ ಸಲ ಫೋನ್ ಮಾಡಿ ಕೇಳಿದೆ. "ಫಾರ್ಮಲ್ಲಿ ಇದ್ದಂಗೇ ಹಾಕ್ತೀನಿ ಸರ್, ರಿಫಂಡ್ ಏನೂ ಬರಲ್ಲ" ಅಂದರು. ಆದರೆ ಸಂಬಳದಾರರು ಕೊನೇ ದಿನಾಂಕದೊಳಗೆ ರಿಟರ್ನ್ ಹಾಕಿದರೆ, ಅದರಲ್ಲೇ ಪದ್ಧತಿ ಬದಲಾಯಿಸಿಕೊಳ್ಳಬಹುದು ಅಂತ ಪಕ್ಕದ ಸೀಟಿನ ಗೆಳೆಯ ಹೇಳಿದ್ದ. ಸರಿ, ಈ ವರ್ಷ ನಾನೇ ಕೂರುತ್ತೇನೆ ಅಂತ ಹೊರಟೆ.

ಜುಲೈನ ಒಂದು ಶನಿವಾರ ಮೊದಲು ಲ್ಯಾಪ್‌ಟಾಪ್ ತೆಗೆಯಲಿಲ್ಲ, ನೋಟ್‌ಬುಕ್ ತೆಗೆದೆ. ಒಟ್ಟು ಸಂಬಳ 10,80,000. ಇದರಲ್ಲಿ ಏನೇನು ಕಳೆಯಬಹುದು?

ಎಚ್‌ಆರ್‌ಎ ಲೆಕ್ಕಕ್ಕೇ ಅರ್ಧ ಗಂಟೆ ಹಿಡಿಯಿತು. ಕೊಟ್ಟ ಬಾಡಿಗೆಯೆಲ್ಲ ಕಳೆಯುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಮೂರು ಮೊತ್ತ ಬರೆದುಕೊಂಡು ಅದರಲ್ಲಿ ಚಿಕ್ಕದನ್ನು ಹಿಡಿಯಬೇಕು. ಒಂದು, ಕಂಪನಿ ಕೊಟ್ಟ ಎಚ್‌ಆರ್‌ಎ: ತಿಂಗಳಿಗೆ 18,000, ವರ್ಷಕ್ಕೆ 2,16,000. ಎರಡು, ಬೇಸಿಕ್‌ನ, ಅಂದರೆ ಮೂಲ ಸಂಬಳದ, 40%. ನನ್ನ ಬೇಸಿಕ್ ತಿಂಗಳಿಗೆ 45,000, ಹಾಗಾಗಿ ಇದೂ 2,16,000. ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈನಲ್ಲಿ ಇದ್ದವರಿಗೆ ಮಾತ್ರ 50%. ಬೆಂಗಳೂರಲ್ಲಿ ಮೆಟ್ರೊ ರೈಲು ಓಡುತ್ತಿದ್ದರೂ ಆಗಿನ ತೆರಿಗೆ ನಿಯಮದಲ್ಲಿ ಅದು ಮೆಟ್ರೊ ನಗರ ಅಲ್ಲ! ಮೂರು, ಕೊಟ್ಟ ಬಾಡಿಗೆಯಲ್ಲಿ ಬೇಸಿಕ್‌ನ 10% ಕಳೆದದ್ದು. ತಿಂಗಳಿಗೆ 20,000ದಂತೆ 2,40,000, ಅದರಲ್ಲಿ 54,000 ಹೋದರೆ 1,86,000. ಇದೇ ಚಿಕ್ಕದು. ನನಗೆ ಸಿಗುವುದು ಇಷ್ಟೇ.

ಬಾಡಿಗೆಯನ್ನು ಪ್ರತಿ ತಿಂಗಳೂ ಬ್ಯಾಂಕಿನಿಂದಲೇ ಕಳಿಸಿದ್ದು ಒಳ್ಳೆಯದಾಯಿತು. ವರ್ಷಕ್ಕೆ ಒಂದು ಲಕ್ಷ ದಾಟಿದರೆ ಆಫೀಸಿನವರು ಮನೆ ಮಾಲೀಕರ ಪ್ಯಾನ್ ಕೇಳುತ್ತಾರೆ. ರಿಟರ್ನ್‌ನಲ್ಲಿ ನೇರವಾಗಿ ಹಾಕುವಾಗಲೂ ಅದು ಕೈಯಲ್ಲಿರಲಿ ಅಂತ ಇಸ್ಕೊಂಡಿಟ್ಟೆ, ಕರಾರು ಪತ್ರದ ಜೊತೆಗೆ.

ಉಳಿದದ್ದು ಸಲೀಸು. ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400. 80ಸಿಗೆ ಪಿಎಫ್ ತಿಂಗಳಿಗೆ 5,400ರಂತೆ 64,800, ಪಿಪಿಎಫ್ 60,000, ಜೀವ ವಿಮೆ 18,000, ಒಟ್ಟು 1,42,800. ಮಿತಿ ಒಂದೂವರೆ ಲಕ್ಷ, ಒಳಗೇ ಇದೆ. ಪಿಎಫ್ ಕೂಡ 80ಸಿಯಲ್ಲಿ ಬರುತ್ತೆ ಅನ್ನೋದನ್ನು ತುಂಬಾ ಜನ ಮರೆಯುತ್ತಾರೆ. ಆರೋಗ್ಯ ವಿಮೆ ನನ್ನದು 16,000, ಅಪ್ಪ ಅಮ್ಮಂದು 28,000. ಅವರಿಗೆ 60 ದಾಟಿರುವುದರಿಂದ ಅವರ ಪಾಲಿನ ಮಿತಿ 50,000. ಅದೂ ಪೂರ್ತಿ ಸಿಕ್ಕಿತು.

ಕೂಡಿ ಕಳೆದು ನೋಡಿದರೆ ತೆರಿಗೆ 45,200. ಹಿಡಿದದ್ದು 67,080. ಅಂದರೆ 21,880 ವಾಪಸ್! ಸಂಜೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಲಾಟರಿ ಹೊಡೀತಲ್ಲೋ" ಅಂದರು. ಲಾಟರಿ ಎಲ್ಲಿಂದ ಬಂತು, ನನ್ನ ದುಡ್ಡೇ ಒಂದು ವರ್ಷ ಸರ್ಕಾರದ ಹತ್ತಿರ ಇತ್ತು, ಅಷ್ಟೇ.

ಮಾರನೇ ದಿನ ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ ಎಐಎಸ್ ತೆರೆದೆ. ನಮ್ಮ ಪ್ಯಾನ್ ಹೆಸರಲ್ಲಿ ಎಲ್ಲೆಲ್ಲಿ ಏನೇನು ಬಂದಿದೆ ಅನ್ನುವ ಪಟ್ಟಿ ಅದು. ಅದರಲ್ಲಿ ಎಫ್‌ಡಿ ಬಡ್ಡಿ 32,000 ಕೂತಿತ್ತು. ಆ ಎಫ್‌ಡಿ ನಾನು ಇನ್ನೂ ಮುರಿಸಿಯೇ ಇಲ್ಲ, ಬಡ್ಡಿ ಕೈಗೂ ಬಂದಿಲ್ಲ. ಆದರೂ ಆಯಾ ವರ್ಷದ ಬಡ್ಡಿ ಆಯಾ ವರ್ಷದ ಆದಾಯವೇ. 40,000 ದಾಟಿಲ್ಲ ಅಂತ ಬ್ಯಾಂಕಿನವರು ಟಿಡಿಎಸ್ ಹಿಡಿದಿರಲಿಲ್ಲ. ಟಿಡಿಎಸ್ ಇಲ್ಲ ಅಂದರೆ ತೆರಿಗೆ ಇಲ್ಲ ಅಂತ ಇಷ್ಟು ವರ್ಷ ನಂಬಿದ್ದೆ! ಉಳಿತಾಯ ಖಾತೆಯ ಬಡ್ಡಿ 4,200 ಮಾತ್ರ 80ಟಿಟಿಎಯಲ್ಲಿ ಪೂರ್ತಿ ಹೋಯಿತು, ಅದಕ್ಕೆ 10,000ದ ತನಕ ವಿನಾಯಿತಿ.

ಬಡ್ಡಿ ಸೇರಿಸಿದ ಮೇಲೆ ತೆರಿಗೆ 51,850ಕ್ಕೆ ಏರಿತು, ರಿಫಂಡ್ 15,230ಕ್ಕೆ ಇಳಿಯಿತು. ಹೊಟ್ಟೆ ಉರಿಯಿತು ನಿಜ. ಬಿಟ್ಟುಬಿಡೋಣ ಅನಿಸಲಿಲ್ಲವೇ ಅಂದರೆ, ಒಂದು ಗಳಿಗೆ ಅನಿಸಿತು. ಆದರೆ ತೆರಿಗೆ ಇಲಾಖೆಯವರ ಪಟ್ಟಿಯಲ್ಲೇ ಇರುವುದನ್ನು ಅವರಿಂದಲೇ ಮುಚ್ಚಿಡೋದು ಹೇಗೆ? ಕೊಡದ ದೇಣಿಗೆ ತೋರಿಸಿ ರಿಫಂಡ್ ಜಾಸ್ತಿ ಮಾಡಿಕೊಡ್ತೀವಿ ಅನ್ನುವವರೂ ಇದ್ದಾರೆ. ಆದಾಯ ತಪ್ಪಾಗಿ ತೋರಿಸಿದ್ದು ಸಾಬೀತಾದರೆ ತಪ್ಪಿಸಿದ ತೆರಿಗೆಯ 200% ದಂಡ. ಆ ಸಹವಾಸ ಬೇಡ.

ಐಟಿಆರ್-1 ಅನ್ನುವ ರಿಟರ್ನ್ ಫಾರ್ಮ್ ತುಂಬುವಾಗ ಎರಡು ಕಡೆ ಎಡವಿದೆ. ಹೊಸ ಪದ್ಧತಿಯಿಂದ ಹೊರಗೆ ಬರ್ತೀರಾ ಅನ್ನುವ ಪ್ರಶ್ನೆಗೆ "ಹೌದು" ಒತ್ತದೇ ಮುಂದೆ ಹೋಗಿದ್ದೆ, 80ಸಿ ಹಾಕಲು ಜಾಗವೇ ಸಿಗಲಿಲ್ಲ. ಇನ್ನೊಂದು, ಬ್ಯಾಂಕ್ ವಿಲೀನವಾಗಿ ನನ್ನ ಖಾತೆಯ ಐಎಫ್‌ಎಸ್‌ಸಿ ಬದಲಾಗಿತ್ತು, ಪೋರ್ಟಲ್‌ನಲ್ಲಿ ಹಳೆಯದೇ ಇತ್ತು. ಸರಿಪಡಿಸಿ ಮತ್ತೆ ವ್ಯಾಲಿಡೇಟ್ ಮಾಡಿದೆ. ಹಾಗೇ ಬಿಟ್ಟಿದ್ದರೆ ರಿಫಂಡ್ ಹೊರಟರೂ ಖಾತೆಗೆ ಸೇರುತ್ತಿರಲಿಲ್ಲ. ಸಬ್ಮಿಟ್ ಆದ ಕೂಡಲೇ ಆಧಾರ್ ಒಟಿಪಿ ಹಾಕಿ ಇ-ವೆರಿಫೈ ಮಾಡಿದೆ. ಇದಕ್ಕೆ 30 ದಿನ ಟೈಮ್ ಇದೆ, ಆದರೆ ಇದಾಗದೆ ರಿಟರ್ನ್ ಲೆಕ್ಕಕ್ಕೇ ಬರಲ್ಲ.

ಆಗಸ್ಟ್‌ನಲ್ಲಿ 143(1) ಇಂಟಿಮೇಶನ್, ಅಂದರೆ ರಿಟರ್ನ್ ನೋಡಿ ತೆರಿಗೆ ಇಲಾಖೆ ಕಳಿಸುವ ಲೆಕ್ಕದ ಮೇಲ್ ಬಂತು. ನೋಟಿಸ್ ಅಂದುಕೊಂಡು ಎದೆ ಝಲ್ ಅಂದಿತು. ಅದನ್ನು ತೆರೆಯುವ ಪಾಸ್‌ವರ್ಡ್ ಅಂದರೆ ಸಣ್ಣಕ್ಷರದಲ್ಲಿ ಪ್ಯಾನ್, ಪಕ್ಕದಲ್ಲೇ ಹುಟ್ಟಿದ ದಿನಾಂಕ. ಒಳಗೆ ಎರಡು ಕಾಲಂ. ಒಂದರಲ್ಲಿ ನಾನು ಹೇಳಿದ್ದು, ಇನ್ನೊಂದರಲ್ಲಿ ಅವರು ಲೆಕ್ಕ ಹಾಕಿದ್ದು. ಬೆರಳಿಟ್ಟು ಸಾಲು ಸಾಲಾಗಿ ನೋಡಿದೆ, ಎಲ್ಲಾ ತಾಳೆಯಾಯಿತು. ಖಾತೆಗೆ ಮಾತ್ರ 15,610 ಬಂದಿತ್ತು. 380 ಜಾಸ್ತಿ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ತಿಂಗಳಿಗೆ ಅರ್ಧ ಪರ್ಸೆಂಟ್‌ನಂತೆ ಬಡ್ಡಿ ಕೊಟ್ಟಿದ್ದರು.

ಈಗಿನ ಲೆಕ್ಕವೇ ಬೇರೆ ಬಿಡಿ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳ, ಬಡ್ಡಿಯಂಥ ಆದಾಯ 12 ಲಕ್ಷದವರೆಗೆ ಇದ್ದರೆ ತೆರಿಗೆಯೇ ಇಲ್ಲ, ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಬೇರೆ. ನನ್ನಂಥ ಸಂಬಳಕ್ಕೆ ಹಳೇ ಪದ್ಧತಿ ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ. ಆಫೀಸಿನ ಮೇಲ್‌ಗೂ ಈಗ ಅದೇ ದಿನ ಉತ್ತರ ಕೊಡುತ್ತೇನೆ.

ಮರು ವರ್ಷ ಎಐಎಸ್ ತೆರೆದರೆ ಆ 380 ಅಲ್ಲಿ ಹಾಜರ್. ರಿಫಂಡ್‌ಗೆ ತೆರಿಗೆ ಇಲ್ಲ, ಅದರ ಮೇಲಿನ ಬಡ್ಡಿಗೆ ಇದೆ. ಅಪ್ಪನಿಗೆ ಹೇಳಿದೆ. "ಅವರೇ ಕೊಟ್ಟು ಅವರೇ ಕೇಳ್ತಾರೇನೋ?" ಅಂತ ನಕ್ಕರು. ಇತರೆ ಆದಾಯದ ಸಾಲಿನಲ್ಲಿ 380 ಬರೆದೆ.